ಮನೆಯಲ್ಲಿ ಕಟ್ಟುವ ವಿಮಾನಕ್ಕೆ ಯಾವ ಆಂಟೆನಾ, ಎಲ್ಲಿ?

ಕಳೆದ ಮಳೆಗಾಲದ ಒಂದು ಸಂಜೆ ಸಾಗರದ ಕಡೆಯ ಗೆಳೆಯರೊಬ್ಬರ ಅಡಿಕೆ ಗೋದಾಮಿನಲ್ಲಿದ್ದೆ. ಗೋದಾಮಿನ ಅರ್ಧದಲ್ಲಿ ಅಡಿಕೆ ಚೀಲಗಳು, ಉಳಿದರ್ಧದಲ್ಲಿ ಉಕ್ಕಿನ ಕೊಳವೆಗಳನ್ನು ಬೆಸೆದು ನಿಲ್ಲಿಸಿದ ವಿಮಾನದ ಹಂದರ. ಇನ್ನು ಬಟ್ಟೆ ಹೊದಿಸುವುದೊಂದೇ ಬಾಕಿ. "ಹೊದಿಸಿದ ಮೇಲೆ ಒಳಗೆ ಕೈ ಹೋಗುವುದಿಲ್ಲ. ಆಂಟೆನಾ ಎಲ್ಲಿ ಬರಬೇಕು, ಯಾವುದು ಬರಬೇಕು, ಈಗಲೇ ಹೇಳಿಬಿಡಿ ಮಾರಾಯರೇ" ಎಂದರು. ಅದೇ ತಿಂಗಳು ತೀರ್ಥಹಳ್ಳಿಯಿಂದ ಇನ್ನೊಬ್ಬರು ಫೋನ್ ಮಾಡಿದರು. ಅವರದು ಫೈಬರ್‌ಗ್ಲಾಸ್ ವಿಮಾನ, ಬಾಲದ ಎರಡು ಹೋಳುಗಳನ್ನು ಅಂಟಿಸಿ ಮುಚ್ಚುವ ಹಂತಕ್ಕೆ ಬಂದಿದ್ದರು. ಮೂರನೆಯವರು ಭದ್ರಾವತಿಯವರು. ಮೇಲೆ ತ್ರಿಕೋನದ ಬಟ್ಟೆಯ ರೆಕ್ಕೆ, ಕೆಳಗೆ ಮೂರು ಚಕ್ರದ ಗಾಡಿ ಇರುವ ಮೈಕ್ರೋಲೈಟ್ ಅವರದು. ಕೈಯಲ್ಲಿ ಹಿಡಿಯುವ ರೇಡಿಯೋ ಒಂದೇ ಸಾಕಲ್ಲವೇ ಎಂಬುದು ಅವರ ಪ್ರಶ್ನೆ.

ಮೂವರೂ ಕೇಳಿದ್ದು ಯಾವ ಕಂಪನಿಯ ಆಂಟೆನಾ ಕೊಳ್ಳಲಿ ಎಂದು. ನಾನು ಮೂವರಿಗೂ ತಿರುಗಿ ಕೇಳಿದ್ದು, ನಿಮ್ಮ ವಿಮಾನದ ಮೈ ಯಾವುದರದು ಎಂದು. ಅದು ಗೊತ್ತಾಗದೆ ಆಂಟೆನಾ ಕೊಳ್ಳುವುದು, ತೋಟದ ಮಣ್ಣು ನೋಡದೆ ಸಸಿ ತಂದು ನೆಟ್ಟ ಹಾಗೆ.

ಮೊದಲೇ ಒಂದು ಮಾತು. ವಿಮಾನದ ತರಂಗಾಂತರದಲ್ಲಿ ಮಾತನಾಡಲು ಹವ್ಯಾಸಿ ರೇಡಿಯೋದವರ ಹ್ಯಾಮ್ ಪರವಾನಗಿ ಸಾಲದು. ವಿಮಾನಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಅನುಮತಿ, ಅದರಲ್ಲಿರುವ ರೇಡಿಯೋಗೆ ಪರವಾನಗಿ, ಮಾತನಾಡುವವರಿಗೆ ರೇಡಿಯೋ ಟೆಲಿಫೋನಿ ಪರವಾನಗಿ, ಈ ಮೂರೂ ಬೇಕು. ಇಲ್ಲಿ ಬರೆದಿರುವುದೆಲ್ಲ ಆ ದಾರಿಯಲ್ಲಿ ಹೊರಟವರಿಗೆ.

ಯಾವುದನ್ನು ಇಟ್ಟುಕೊಂಡು ತೂಗಬೇಕು

ಮೊದಲ ಅಳತೆ ಮೈಯದು. ಫೈಬರ್‌ಗ್ಲಾಸ್, ಒಣಗಿದ ಮರ, ಬಟ್ಟೆ ಇವು ರೇಡಿಯೋ ಅಲೆಗೆ ಗಾಜಿನ ಕಿಟಕಿ ಇದ್ದಂತೆ. ಆಂಟೆನಾವನ್ನು ಒಳಗೇ ಇಡಬಹುದು. ಅಲ್ಯೂಮಿನಿಯಂ ಮೈಯೆಂದರೆ ಗೋಡೆ, ಆಂಟೆನಾ ಹೊರಗೇ ಬರಬೇಕು. ಕಾರ್ಬನ್ ಫೈಬರ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ನೋಡಲು ಫೈಬರ್‌ಗ್ಲಾಸಿನ ತಮ್ಮನಂತಿದ್ದರೂ ಅದು ವಿದ್ಯುತ್ ಹರಿಸುತ್ತದೆ, ಅಲೆಯನ್ನು ತಡೆಯುತ್ತದೆ. ಒಳಗೆ ಆಂಟೆನಾ ಇಟ್ಟರೆ ಅದು ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತಂತೆ. ಉಕ್ಕಿನ ಕೊಳವೆಯ ಹಂದರಕ್ಕೆ ಬಟ್ಟೆ ಹೊದಿಸಿದ ವಿಮಾನ ಎರಡೂ ಅಲ್ಲದ ಜಾತಿ. ಬಟ್ಟೆ ಅಲೆಯನ್ನು ಬಿಡುತ್ತದೆ, ಆದರೆ ಒಳಗಿನ ಕೊಳವೆಗಳು ಅದನ್ನು ಬೇಕಾದ ಕಡೆಗೆಲ್ಲ ತಿರುಗಿಸಿಬಿಡುತ್ತವೆ.

ಎರಡನೆಯದು ಅಲೆಯ ನಿಲುವು. ದೂರದರ್ಶನದ ಕಾಲದಲ್ಲಿ ನಮ್ಮ ಹೆಂಚಿನ ಮನೆಗಳ ಮೇಲೆ ಅಡಿಕೆ ದಬ್ಬೆಗೆ ಕಟ್ಟಿದ ಆಂಟೆನಾ ನೆನಪಿರಬಹುದು. ಅದರ ಕಡ್ಡಿಗಳು ನೆಲಕ್ಕೆ ಸಮನಾಗಿ ಮಲಗಿರುತ್ತಿದ್ದವು, ಏಕೆಂದರೆ ಆ ಅಲೆ ಮಲಗಿ ಬರುತ್ತಿತ್ತು. ವಿಮಾನ ಮತ್ತು ಕಂಟ್ರೋಲ್ ಟವರ್ ನಡುವಿನ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ ನಡೆಯುತ್ತದೆ, ಅದು ನಿಂತು ಬರುವ ಅಲೆ. ಅದಕ್ಕೆ ಕಡ್ಡಿ ನಿಂತಿರಬೇಕು. ನಿಂತ ಅಲೆಗೆ ಆಂಟೆನಾವನ್ನು ಪೂರ್ತಿ ಮಲಗಿಸಿದರೆ ಲೆಕ್ಕದ ಪ್ರಕಾರ ನೂರರಲ್ಲಿ ಒಂದು ಪಾಲೂ ಸಿಗದೆ ಹೋಗಬಹುದು. ದಾರಿ ತೋರಿಸುವ ವಿಒಆರ್ ಸಂಕೇತ ಮಾತ್ರ 108ರಿಂದ 118ರ ನಡುವೆ ಇದ್ದು, ಹಳೆಯ ಟಿವಿಯ ಹಾಗೆ ಮಲಗಿಯೇ ಬರುತ್ತದೆ. ಹಾಗಾಗಿ ಒಂದೇ ಆಂಟೆನಾದಿಂದ ಎರಡೂ ಕೆಲಸ ಎಂಬ ಆಸೆ ಬೇಡ.

ಮೂರನೆಯದು ನೇರ ನೋಟ. ಈ ಅಲೆಗಳು ಗುಡ್ಡ ಸುತ್ತಿ ಬರುವುದಿಲ್ಲ. 2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ನಮ್ಮ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದು ಇದೇ ಕಾರಣಕ್ಕೆ. ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದ್ದೀರೋ ಅದರ ವರ್ಗಮೂಲವನ್ನು ಸುಮಾರು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ. 300 ಮೀಟರಿಗೆ ಸುಮಾರು 70 ಕಿಲೋಮೀಟರ್, 1000 ಮೀಟರಿಗೆ ಸುಮಾರು 130. ಇದು ಬಯಲುಸೀಮೆಯ ಲೆಕ್ಕ. ನಡುವೆ ಕೊಡಚಾದ್ರಿಯಂಥ 1343 ಮೀಟರಿನ ಬೆಟ್ಟ ನಿಂತರೆ ಲೆಕ್ಕ ಅಲ್ಲಿಗೇ ಮುಗಿಯಿತು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ನಮ್ಮ ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಆಗಸ್ಟ್ ಕೊನೆಯಿಂದ ಪ್ರಯಾಣಿಕರ ವಿಮಾನಗಳು ಬಂದುಹೋಗುತ್ತಿವೆ. ಸಣ್ಣ ವಿಮಾನದವರು ಅವರ ಕಿವಿಗೆ ಬೀಳುವಂತಿರುವುದು ಈಗ ಮೊದಲಿಗಿಂತ ಹೆಚ್ಚು ಮುಖ್ಯ. ಬೆಟ್ಟವನ್ನು ನಾವು ಸರಿಸಲಾರೆವು, ಆದರೆ ವಿಮಾನದ್ದೇ ಚಕ್ರ, ಎಂಜಿನ್, ಬಾಲ ಆಂಟೆನಾಕ್ಕೆ ಅಡ್ಡ ನಿಲ್ಲದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ನಾಲ್ಕನೆಯದು ಗ್ರೌಂಡ್ ಪ್ಲೇನ್. ಮಾತಿನ ತರಂಗಾಂತರದ ನಡುಭಾಗದಲ್ಲಿ ಅಲೆಯ ಉದ್ದದ ಕಾಲು ಭಾಗವೆಂದರೆ ಸುಮಾರು 59 ಸೆಂಟಿಮೀಟರ್. ಕಡ್ಡಿ ಆಂಟೆನಾ ಇದಕ್ಕಿಂತ ಒಂದೆರಡು ಸೆಂಟಿಮೀಟರ್ ಗಿಡ್ಡ ಇರುತ್ತದೆ. ಆದರೆ ಕಡ್ಡಿ ಅರ್ಧ ಆಂಟೆನಾ ಮಾತ್ರ, ಉಳಿದರ್ಧ ಅದರ ಬುಡದಲ್ಲಿ ಹರಡಿರಬೇಕಾದ ಲೋಹ. ಅಲ್ಯೂಮಿನಿಯಂ ವಿಮಾನದಲ್ಲಿ ಅದು ಮೈಯಿಂದಲೇ ಸಿಗುತ್ತದೆ. ಉಳಿದವರು ಮಾಡಿಕೊಳ್ಳಬೇಕು. ದುಬಾರಿ ಆಂಟೆನಾ ತಂದು, ಬುಡಕ್ಕೆ ಅಂಗೈಯಗಲದ ತಗಡು ಕೊಟ್ಟು, ರೇಡಿಯೋ ಸರಿಯಿಲ್ಲ ಎಂದು ದೂರುವವರನ್ನು ನಾನು ಬಹಳ ಕಂಡಿದ್ದೇನೆ.

ಐದನೆಯದು ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬಯಲುಸೀಮೆಯಲ್ಲಿ ಹತ್ತು ವರ್ಷ ಬಾಳುವ ಕನೆಕ್ಟರ್ ಇಲ್ಲಿ ಎರಡು ಮಳೆಗಾಲಕ್ಕೆ ಸುಸ್ತಾಗುತ್ತದೆ. ಕೊನೆಯದು ಹಣ, ಅದನ್ನು ಆಯಾ ಆಯ್ಕೆಯ ಜೊತೆಗೇ ಹೇಳುತ್ತೇನೆ.

ಹೊರಗೆ ನಿಲ್ಲುವ ಕಡ್ಡಿ

ಎಲ್ಲ ಬಗೆಯ ವಿಮಾನಕ್ಕೂ ಹೊಂದುವ ಆಯ್ಕೆ ಇದೊಂದೇ. ಇದರಲ್ಲೂ ಎರಡು ಬಗೆ. ಒಂದು ತೆಳುವಾದ ಸ್ಟೀಲ್ ಕಡ್ಡಿ, ಇನ್ನೊಂದು ಫೈಬರ್‌ಗ್ಲಾಸ್ ಹೊದಿಕೆಯ ದಪ್ಪ ಕಡ್ಡಿ ಅಥವಾ ಚೂರಿಯಲಗಿನಂತಿರುವ ಬ್ಲೇಡ್. ತೆಳು ಕಡ್ಡಿ ಅಗ್ಗ, ಸ್ವತಃ ಮಾಡಿಕೊಂಡರೆ ಇನ್ನೂ ಅಗ್ಗ. ಆದರೆ ಅದು ಹೊಂದಿಸಿದ ತರಂಗಾಂತರದ ಆಸುಪಾಸಿನಲ್ಲಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, 118ರ ತುದಿಗೂ 137ರ ತುದಿಗೂ ಸೊರಗುತ್ತದೆ. ದಪ್ಪನೆಯದು ಉದ್ದಕ್ಕೂ ಸಮನಾಗಿ ನಡೆಯುತ್ತದೆ. ಜೊತೆಗೆ, ಮಳೆಹನಿಯ ತಿಕ್ಕಾಟದಿಂದ ವಿಮಾನದ ಮೈಯಲ್ಲಿ ಸ್ಥಿರ ವಿದ್ಯುತ್ ಸೇರಿದಾಗ ಬರಿಯ ಲೋಹದ ಕಡ್ಡಿಯ ತುದಿಯಿಂದ ಅದು ಸೋರಿ, ಕಿವಿಯಲ್ಲಿ ಹುರಿದಂಥ ಸದ್ದು ಬರುತ್ತದೆ. ಹೊದಿಕೆಯಿರುವ ಕಡ್ಡಿಯಲ್ಲಿ ಆ ತೊಂದರೆ ಕಡಿಮೆ. ಪ್ರಮಾಣೀಕೃತ ಬ್ಲೇಡ್ ಆಂಟೆನಾ ಹತ್ತಾರು ಸಾವಿರ ರೂಪಾಯಿಯ ವ್ಯವಹಾರ. ಹಣ ಇದ್ದವರಿಗೆ ಅದು ಬೇಡ ಎನ್ನುವುದಿಲ್ಲ. ಆದರೆ ಸರಿಯಾದ ಜಾಗದ ಸಾಧಾರಣ ಕಡ್ಡಿ, ತಪ್ಪು ಜಾಗದ ಬ್ಲೇಡನ್ನು ಸೋಲಿಸುತ್ತದೆ.

ಈಗ ಮೇಲೆಯೋ ಹೊಟ್ಟೆಯಡಿಯೋ ಎಂಬ ಪ್ರಶ್ನೆ. ಹೊಟ್ಟೆಯಡಿಯಲ್ಲಿಟ್ಟರೆ ಹಾರುವಾಗ ಕೆಳಗಿನ ಟವರ್‌ಗೆ ಯಾವ ಅಡ್ಡಿಯೂ ಇಲ್ಲದೆ ಕಾಣುತ್ತದೆ. ನೆಲದ ಮೇಲಿದ್ದಾಗ ಮಾತ್ರ ಕಷ್ಟ, ವಿಮಾನದ ಮೈಯೂ ಚಕ್ರಗಳೂ ಅಡ್ಡ ಬರುತ್ತವೆ. ನೆಲಕ್ಕೆ ತಾಗಬಾರದೆಂದು ಕಡ್ಡಿಯನ್ನು ಹಿಂದಕ್ಕೆ ಬಾಗಿಸಿರುತ್ತಾರೆ. ಬಾಗಿದಷ್ಟೂ ನಿಲುವು ಕಳೆದುಕೊಳ್ಳುತ್ತದೆ, ನಲವತ್ತೈದು ಡಿಗ್ರಿಯವರೆಗೆ ಅಂಥ ನಷ್ಟವೇನಿಲ್ಲ. ಮಲೆನಾಡಿನ ಹುಲ್ಲುಗಾವಲಿನಿಂದ ಹಾರುವವರಿಗೆ ಹೊಟ್ಟೆಯಡಿಯ ಆಂಟೆನಾವನ್ನು ನಾನು ಸೂಚಿಸುವುದಿಲ್ಲ. ಜೂನ್ ಬಂತೆಂದರೆ ಮಂಡಿಯೆತ್ತರದ ಹುಲ್ಲು, ಚಕ್ರದಿಂದ ಸಿಡಿಯುವ ಕೆಂಪು ರಾಡಿ, ಜೊತೆಗೆ ಜಂಬಿಟ್ಟಿಗೆಯ ಚೂರುಗಳು. ರಾಡಿ ಬುಡಕ್ಕೆ ಮೆತ್ತಿಕೊಂಡು ಒಣಗಿದರೆ ಅದರ ಕೆಳಗೆ ನೀರು ನಿಂತೇ ಇರುತ್ತದೆ. ಡಾಂಬರಿನ ರನ್‌ವೇಯಿಂದಲೇ ಹಾರುವ, ಚಕ್ರಗಳು ಎತ್ತರವಿರುವ ವಿಮಾನಕ್ಕೆ ಹೊಟ್ಟೆಯಡಿ ಒಳ್ಳೆಯ ಜಾಗ.

ಮೇಲಿಟ್ಟರೆ ನೆಲದಲ್ಲೂ ಆಕಾಶದಲ್ಲೂ ಕೆಲಸ ನಡೆಯುತ್ತದೆ. ಅಡಿಕೆ ಕೊನೆ ಕೊಯ್ಯುವವನು ಮರದ ತುದಿಯಿಂದ ಇಡೀ ತೋಟವನ್ನು ನೋಡುತ್ತಾನೆ, ಅವನದೇ ಮರದ ಬುಡ ಮಾತ್ರ ಅವನಿಗೆ ಸರಿಯಾಗಿ ಕಾಣುವುದಿಲ್ಲ. ಮೇಲಿನ ಕಡ್ಡಿಯೂ ಹಾಗೆ, ನೇರ ಕೆಳಗಿನ ಜಾಗ ಅದಕ್ಕೆ ಮಂಕು. ಆದರೆ ಟವರ್‌ನ ನೆತ್ತಿಯ ಮೇಲಿದ್ದಾಗ ದೂರವೇ ಇಲ್ಲದ್ದರಿಂದ ಆ ಮಂಕು ತೊಂದರೆ ಕೊಡುವುದಿಲ್ಲ. ಮೇಲ್‌ರೆಕ್ಕೆಯ ವಿಮಾನದಲ್ಲಿ ಚಾವಣಿಯ ನಡುಭಾಗ, ಕೆಳರೆಕ್ಕೆಯದರಲ್ಲಿ ಚಾಲಕನ ಹಿಂದಿನ ಬೆನ್ನು ನನ್ನ ಮೊದಲ ಆಯ್ಕೆ. ಬಾಲದ ನಿಂತ ರೆಕ್ಕೆ ಲೋಹದ್ದಾದರೆ ಅದರಿಂದ ಕಡ್ಡಿ ಅರ್ಧ ಮೀಟರಾದರೂ ದೂರವಿರಲಿ.

ಎಲ್ಲಿಟ್ಟರೂ ಒಳಗಿನಿಂದ ದಪ್ಪ ತಗಡಿನ ಆಸರೆ ಕೊಡಿ. ಗಾಳಿಗೆ ಕಡ್ಡಿ ಗಂಟೆಗಟ್ಟಲೆ ನಡುಗುತ್ತದೆ, ಆಸರೆ ಇಲ್ಲದ ತೆಳು ಮೈ ಬುಡದಲ್ಲಿ ಬಿರುಕು ಬಿಡುತ್ತದೆ. ಲೋಹದ ಮೈಯಾದರೆ ಬುಡ ಕೂರುವ ಜಾಗದ ಬಣ್ಣವನ್ನು ಕೆರೆದು ಲೋಹಕ್ಕೆ ಲೋಹ ತಾಗಿಸಬೇಕು, ಆಮೇಲೆ ಅಂಚಿನಲ್ಲಿ ಸೀಲಂಟ್ ಹಾಕಬೇಕು. ಬಣ್ಣದ ಮೇಲೆ ಕೂರಿಸಿದ ಆಂಟೆನಾ ಮೊದಲ ವರ್ಷ ಸ್ಕ್ರೂಗಳ ಉಪಕಾರದಿಂದ ಕೆಲಸ ಮಾಡುತ್ತದೆ, ಎರಡನೆಯ ವರ್ಷ ಆ ಸ್ಕ್ರೂಗಳಿಗೂ ತುಕ್ಕು ಹಿಡಿದಿರುತ್ತದೆ.

ಬಾಲದೊಳಗೆ ತಾಮ್ರದ ಪಟ್ಟಿ

ಫೈಬರ್‌ಗ್ಲಾಸ್ ಅಥವಾ ಮರದ ವಿಮಾನ ಕಟ್ಟುವವರಿಗೆ ಇದು ವರವೆಂದೇ ನನ್ನ ಭಾವನೆ. 1970ರ ದಶಕದಲ್ಲಿ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ವೇರಿಈಝಿಯಂಥ ಫೈಬರ್‌ಗ್ಲಾಸ್ ವಿಮಾನಗಳು ಬಂದಾಗ, ಅಮೆರಿಕದ ಜಿಮ್ ವಿಯರ್ ಎಂಬ ಎಂಜಿನಿಯರ್ ತಾಮ್ರದ ಅಂಟುಪಟ್ಟಿ ಮತ್ತು ಫೆರೈಟ್ ಉಂಗುರಗಳಿಂದ ಮಾಡುವ ಒಳ ಆಂಟೆನಾಗಳನ್ನು ಜನಪ್ರಿಯಗೊಳಿಸಿದರು. ಎರಡು ಪಟ್ಟಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಪ್ರತಿಯೊಂದೂ ಸುಮಾರು 53ರಿಂದ 55 ಸೆಂಟಿಮೀಟರ್. ನಡುವೆ ಕೇಬಲಿನ ಒಳತಂತಿ ಒಂದಕ್ಕೆ, ಹೊರಜಾಲ ಇನ್ನೊಂದಕ್ಕೆ. ಕೇಬಲ್ ಮೇಲೆ, ಬೆಸುಗೆಯ ಹತ್ತಿರವೇ, ಮೂರು ಫೆರೈಟ್ ಉಂಗುರ, ಕೇಬಲಿನ ಹೊರಮೈ ತಾನೂ ಆಂಟೆನಾ ಆಗಿಬಿಡದ ಹಾಗೆ. ಇದು ಎರಡೂ ಅರ್ಧ ತನ್ನಲ್ಲೇ ಇರುವ ಆಂಟೆನಾ, ಅಂದರೆ ಪೂರ್ತಿ ಡೈಪೋಲ್, ಆದ್ದರಿಂದ ಗ್ರೌಂಡ್ ಪ್ಲೇನ್ ಬೇಕಿಲ್ಲ. ಗಾಳಿಗೆ ಅಡ್ಡವಿಲ್ಲ, ಹೊರಗೆ ಒಂದು ತೂತೂ ಇಲ್ಲ, ಮಳೆ ತಾಗುವುದಿಲ್ಲ. ಖರ್ಚು ಒಂದೆರಡು ಸಾವಿರ ರೂಪಾಯಿಯೊಳಗೆ.

ತೀರ್ಥಹಳ್ಳಿಯ ಗೆಳೆಯರ ಮನೆಯ ಜಗಲಿಯಲ್ಲಿ ಇದನ್ನು ಅಂಟಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಬಾಲದ ಎಡಹೋಳು ಚಾಪೆಯ ಮೇಲೆ ಮಲಗಿತ್ತು. ತಾಮ್ರದ ಪಟ್ಟಿಯ ಹಿಂದಿನ ಕಾಗದವನ್ನು ಬೆರಳಗಲ ಬೆರಳಗಲ ಬಿಡಿಸುತ್ತ, ಹಳೆಯ ಹತ್ತಿ ಪಂಚೆಯ ತುಂಡಿನಿಂದ ತೀಡುತ್ತ ಹೋದೆವು. ಒಂದು ಗುಳ್ಳೆ ಉಳಿದರೂ ಮುಂದೆ ಅಲ್ಲಿ ತೇವ ಸೇರುತ್ತದೆ. ಬೆಸುಗೆಗೆ ಮೂರು ಸೆಕೆಂಡಿಗಿಂತ ಹೆಚ್ಚು ಕಾಯಿಸಬೇಡಿ ಎಂದು ನಾನು ಹೇಳುತ್ತಲೇ ಇದ್ದೆ, ಹೆಚ್ಚು ಕಾಯಿಸಿದರೆ ಕೆಳಗಿನ ರಾಳ ಕಂದುತ್ತದೆ. ಬೆಸುಗೆಯ ಮೇಲೆ ಎಪಾಕ್ಸಿ ಹನಿ, ಕೇಬಲ್ ಎಳೆದರೆ ಪಟ್ಟಿ ಹರಿಯದ ಹಾಗೆ ಒಂದು ತುಂಡು ಗಾಜಿನ ಬಟ್ಟೆ. ಇಷ್ಟಕ್ಕೆ ಇಡೀ ಬೆಳಗ್ಗೆ ಹೋಯಿತು. ಈ ಕೆಲಸಕ್ಕೆ ಅಷ್ಟು ಹೊತ್ತು ಕೊಡಲೇಬೇಕು, ಏಕೆಂದರೆ ಹೋಳುಗಳನ್ನು ಮುಚ್ಚಿದ ಮೇಲೆ ಮತ್ತೆ ಕೈ ಹಾಕಲಾಗದು.

ಅದೇ ಇದರ ದೊಡ್ಡ ಕೊರತೆಯೂ ಹೌದು. ನಾನು ಮೊದಲು ಕೈ ಹಾಕಿದ ವಿಮಾನದಲ್ಲಿ ಪಟ್ಟಿಗಳು ಅಚ್ಚುಕಟ್ಟಾಗಿದ್ದವು, ಅಳತೆಯೂ ಸರಿಯಿತ್ತು. ಬಾಲ ಮುಚ್ಚಿದ ಮೇಲೆ ಅದರ ತುದಿಯ ದೀಪಕ್ಕೆ ತಂತಿ ಎಳೆದರು, ಪಟ್ಟಿಗೆ ಎರಡು ಬೆರಳು ದೂರದಲ್ಲಿ, ಸಮಾನಾಂತರವಾಗಿ. ಆ ತಂತಿ ತಾನೂ ಆಂಟೆನಾದ ಭಾಗವಾಗಿಬಿಟ್ಟಿತು. ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಹಿಂದಿರುಗುತ್ತದೆಂದು ತೋರಿಸುವ ಅಳತೆ ಎಸ್‌ಡಬ್ಲ್ಯುಆರ್, 1 ಇದ್ದರೆ ಏನೂ ಹಿಂದಿರುಗುವುದಿಲ್ಲ. ಮುಚ್ಚುವ ಮೊದಲು 1.6 ಇದ್ದ ಅದು ಆಮೇಲೆ 4ರ ಹತ್ತಿರ ಬಂತು. ಆ ವಿಮಾನಕ್ಕೆ ಕೊನೆಗೆ ಹೊರಗೆ ಕಡ್ಡಿಯನ್ನೇ ಹಾಕಬೇಕಾಯಿತು. ಅಂದಿನಿಂದ ನನ್ನ ಮೊದಲ ಪ್ರಶ್ನೆ, ಈ ಬಾಲದೊಳಗೆ ಇನ್ನೇನೇನು ಹಾದುಹೋಗುತ್ತದೆ ಎಂಬುದು. ದೀಪದ ತಂತಿ, ಬಾಲದ ಚುಕ್ಕಾಣಿಯಾದ ರಡ್ಡರ್‌ನ ಉಕ್ಕಿನ ಹಗ್ಗ, ತೂಕ ಹೊಂದಿಸಲು ಇಡುವ ಸೀಸದ ಗಟ್ಟಿ, ಇವೆಲ್ಲ ಪಟ್ಟಿಯಿಂದ ದೂರವಿರಬೇಕು ಅಥವಾ ಅದಕ್ಕೆ ಅಡ್ಡಲಾಗಿ ದಾಟಬೇಕು. ಕೇಬಲ್ ಕೂಡ ಪಟ್ಟಿಗಳಿಗೆ ಲಂಬಕೋನದಲ್ಲಿ ಕನಿಷ್ಠ ಒಂದಡಿ ಹೊರಬಂದ ಮೇಲೆಯೇ ತಿರುಗಲಿ. ಇಷ್ಟು ಜಾಗ ಬಾಲದಲ್ಲಿ ಇಲ್ಲದಿದ್ದರೆ ಈ ಆಯ್ಕೆಯನ್ನು ಬಿಟ್ಟುಬಿಡಿ.

ಉಕ್ಕಿನ ಹಂದರದೊಳಗೆ ಇದೇ ಪಟ್ಟಿ ಕೆಲಸ ಮಾಡದೇ ಎಂದು ಸಾಗರದವರು ಕೇಳಿದ್ದರು. ಮಾಡುವುದಿಲ್ಲ. ಸುತ್ತಲಿನ ಕೊಳವೆಗಳು ಅದನ್ನು ತಮ್ಮ ಮಾತು ಕೇಳುವಂತೆ ಮಾಡುತ್ತವೆ. ಒಂದು ದಿಕ್ಕಿನಲ್ಲಿ ಚೆನ್ನಾಗಿ ಕೇಳಿಸಿ, ಇನ್ನೊಂದು ದಿಕ್ಕಿಗೆ ತಿರುಗಿದ ಕೂಡಲೇ ಮಾತು ಮಾಯವಾಗುತ್ತದೆ.

ರೆಕ್ಕೆಯ ತುದಿ

ಅಲ್ಯೂಮಿನಿಯಂ ವಿಮಾನಗಳಲ್ಲೂ, ಉದಾಹರಣೆಗೆ ವ್ಯಾನ್ಸ್ ಆರ್‌ವಿ ಸರಣಿಯಲ್ಲಿ, ರೆಕ್ಕೆಯ ತುದಿಯ ಟೊಪ್ಪಿ ಫೈಬರ್‌ಗ್ಲಾಸಿನದು. ಅದರೊಳಗೆ ಆಂಟೆನಾ ಅಡಗಿಸುವುದು ನೋಡಲು ಚೆಂದ. ವಿಒಆರ್‌ಗೆ ಇದು ನಿಜಕ್ಕೂ ಒಳ್ಳೆಯ ಜಾಗ, ಅಲೆ ಮಲಗಿಯೇ ಬರುತ್ತದಲ್ಲ. ಮಾತಿನ ರೇಡಿಯೋಗೆ ಮಾತ್ರ ಒಪ್ಪುವುದಿಲ್ಲ. ತುದಿಯೊಳಗೆ ನಿಲ್ಲಲು ಎತ್ತರ ಇಲ್ಲ, ಆಂಟೆನಾ ಬಹುಪಾಲು ಮಲಗಿರುತ್ತದೆ. ಆಚೆ ಬದಿಗೆ ಇಡೀ ವಿಮಾನ ಅಡ್ಡ. ಕೇಬಲೂ ಉದ್ದ. ಎರಡು ರೇಡಿಯೋ ಇದ್ದು, ಎರಡನೆಯದಕ್ಕೆ ಹೊರಗೆ ಇನ್ನೊಂದು ಕಡ್ಡಿ ಬೇಡ ಎನ್ನುವವರಿಗೆ ಆದೀತು.

ಕೈಯ ರೇಡಿಯೋ

ಭದ್ರಾವತಿಯ ಗೆಳೆಯರ ಪ್ರಶ್ನೆ ಬಹಳ ಜನರದು, ಏಕೆಂದರೆ ಇದರಲ್ಲಿ ಖರ್ಚು ಕಡಿಮೆ. ಪೆಟ್ಟಿಗೆಯ ಮೇಲೆ 5 ವ್ಯಾಟ್ ಎಂದು ಬರೆದಿರುತ್ತದೆ. ಅದು ಮಾತಿನ ಶಿಖರದ ಶಕ್ತಿ, ಮಾತನ್ನು ಹೊತ್ತೊಯ್ಯುವ ವಾಹಕ ಅಲೆಯದು ಅದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಪ್ಯಾನಲ್ಲಿಗೆ ಕೂರಿಸುವ ರೇಡಿಯೋ 6 ವ್ಯಾಟ್ ಎಂದರೆ ಸಾಮಾನ್ಯವಾಗಿ ಅದು ವಾಹಕದ್ದೇ. ಇದಕ್ಕಿಂತ ದೊಡ್ಡ ನಷ್ಟ ರೇಡಿಯೋದ ಮೇಲಿನ ಗಿಡ್ಡ ರಬ್ಬರ್ ಆಂಟೆನಾದ್ದು. ಅದು ಜೇಬಿಗೆ ಅನುಕೂಲವಾಗಲೆಂದು ಸುರುಳಿ ಸುತ್ತಿ ಗಿಡ್ಡ ಮಾಡಿದ್ದು, ಮೇಲಾಗಿ ಚಾಲಕನ ಮೈಯೇ ಅದಕ್ಕೆ ಅಡ್ಡ.

ಹಾಗೆಂದು ಕೈಯ ರೇಡಿಯೋವನ್ನು ತಳ್ಳಿಹಾಕಬೇಕಿಲ್ಲ. ಅದರ ಬಿಎನ್‌ಸಿ ಕನೆಕ್ಟರಿಗೆ ಕೇಬಲ್ ಸಿಕ್ಕಿಸಿ ಹೊರಗಿನ ಆಂಟೆನಾಕ್ಕೆ ಜೋಡಿಸಿ ನೋಡಿ, ಅದೇ ರೇಡಿಯೋ ಹೊಸದಾಗಿ ಕೊಂಡಂತಾಗುತ್ತದೆ. ಗಾಡಿಯಂಥ ಮೈಕ್ರೋಲೈಟಿನಲ್ಲಿ ಮುಂಭಾಗದ ಫೈಬರ್ ಮೂತಿಯೊಳಗೆ ತಾಮ್ರಪಟ್ಟಿಯ ಡೈಪೋಲನ್ನು ನಿಲ್ಲಿಸಬಹುದು, ಅಥವಾ ಚಕ್ರದ ಚೌಕಟ್ಟಿನಲ್ಲಿ ಕಡ್ಡಿ ನಿಲ್ಲಿಸಿ ಬುಡದಿಂದ ನಾಲ್ಕು ತಂತಿಗಳನ್ನು ಕೊಡೆಯ ಕಡ್ಡಿಯಂತೆ ಓರೆಯಾಗಿ ಇಳಿಬಿಡಬಹುದು. ಹಾಗೆ ಇಳಿಬಿಟ್ಟ ತಂತಿ ಆಂಟೆನಾದ ವಿದ್ಯುತ್ ತಡೆಯನ್ನು ಕೇಬಲಿನ 50 ಓಮ್‌ಗೆ ಹತ್ತಿರ ತರುತ್ತದೆ. ಹಣ ಕಡಿಮೆ ಇದ್ದವರು ರೇಡಿಯೋದಲ್ಲಿ ಉಳಿಸಿ ಆಂಟೆನಾಕ್ಕೆ ಹಾಕಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ದೊಡ್ಡ ವಿಮಾನ ಕಟ್ಟಿದರೂ ಈ ಕೈಯ ರೇಡಿಯೋ ವ್ಯರ್ಥವಲ್ಲ. ವಿಮಾನದ ಬ್ಯಾಟರಿ ಸತ್ತ ದಿನ ಜೇಬಿನಲ್ಲಿರುವುದು ಅದೊಂದೇ.

ಉಳಿದ ಮೂರು ಆಂಟೆನಾಗಳು

ಜಿಪಿಎಸ್ ಆಂಟೆನಾಕ್ಕೆ ಬೇಕಾದ್ದು ತೆರೆದ ಆಕಾಶ, ಬೇರೇನಿಲ್ಲ. ಬಟ್ಟೆ ಅಥವಾ ಫೈಬರ್‌ಗ್ಲಾಸಿನ ಕೆಳಗೂ ನಡೆಯುತ್ತದೆ, ಕಾರ್ಬನ್ ಕೆಳಗೆ ನಡೆಯದು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ರೂಪಿಸಿದ, ಜಿಪಿಎಸ್ ಲೆಕ್ಕದ ತಪ್ಪು ತಿದ್ದುವ ಗಗನ್ ಸಂಕೇತವೂ ಜಿಪಿಎಸ್‌ನ 1575.42 ಮೆಗಾಹರ್ಟ್ಸ್‌ನಲ್ಲೇ ಬರುವುದರಿಂದ ಅದಕ್ಕೆ ಬೇರೆ ಆಂಟೆನಾ ಬೇಡ. ಒಂದು ಎಚ್ಚರ ಮಾತ್ರ. ಮಾತಿನ ರೇಡಿಯೋದ 131.275 ಮೆಗಾಹರ್ಟ್ಸ್ ಅನ್ನು ಹನ್ನೆರಡರಿಂದ, 121.175 ಅನ್ನು ಹದಿಮೂರರಿಂದ ಗುಣಿಸಿ ನೋಡಿ, ಎರಡೂ ಜಿಪಿಎಸ್‌ನ ಬಾಗಿಲಿಗೇ ಬರುತ್ತವೆ. ನೀವು ಮಾತನಾಡಲು ಗುಂಡಿ ಒತ್ತಿದಾಗಲೆಲ್ಲ ನಕ್ಷೆಯ ಮೇಲಿನ ಗುರುತು ಕಾಣೆಯಾದರೆ ಕಾರಣ ಇದಿರಬಹುದು. ಎರಡರ ನಡುವೆ ಒಂದು ಮೀಟರ್ ಅಂತರ ಇಡಿ.

ನೆಲದ ರಾಡಾರ್ ಕೇಳಿದಾಗ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಅದರ ಕಡ್ಡಿ ಬರಿಯ 7 ಸೆಂಟಿಮೀಟರ್, ಬುಡಕ್ಕೆ ಊಟದ ತಟ್ಟೆಯಷ್ಟು ತಗಡು ಸಾಕು. ಇಷ್ಟು ಗಿಡ್ಡ ಆದ್ದರಿಂದ ಹುಲ್ಲುಗಾವಲಿನಲ್ಲೂ ಇದು ಹೊಟ್ಟೆಯಡಿಯಲ್ಲೇ ಇರಬಹುದು, ಚಕ್ರದ ಕಂಬದಿಂದ ದೂರ ಇದ್ದರಾಯಿತು. ಮಿಡಿತಕ್ಕೆ ನೂರಕ್ಕೂ ಹೆಚ್ಚು ವ್ಯಾಟ್ ಹೊರಡುವುದರಿಂದ ಆಸನದ ಕೆಳಗೆ ಬೇಡ. ಫೈಬರ್‌ಗ್ಲಾಸ್ ವಿಮಾನದಲ್ಲಿ ನಿಮಗೂ ಅದಕ್ಕೂ ನಡುವೆ ತಡೆಯೇ ಇರುವುದಿಲ್ಲ.

ತುರ್ತು ಸಂಕೇತ ಕಳಿಸುವ ಇಎಲ್‌ಟಿಯ ಆಂಟೆನಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇದು ಬಿದ್ದ ಮೇಲೆ ಕೆಲಸ ಮಾಡಬೇಕಾದದ್ದು. 406 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ ಉಪಗ್ರಹಕ್ಕೆ ಸಂಕೇತ ಹೋಗುತ್ತದೆ. ಭಾರತದಲ್ಲಿ ಅದನ್ನು ಹಿಡಿದು ರಕ್ಷಣಾ ತಂಡಗಳಿಗೆ ತಿಳಿಸುವ ಕೇಂದ್ರ ಬೆಂಗಳೂರಿನಲ್ಲಿ ಇಸ್ರೋದ ಆಶ್ರಯದಲ್ಲಿದೆ. 121.5ರಲ್ಲಿ ಮಾತ್ರ ಕೂಗುವ ಹಳೆಯ ಪೆಟ್ಟಿಗೆಯನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಬೇಡ ಎನ್ನಿ. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ಕೂಗನ್ನು ಕೇಳುತ್ತಿಲ್ಲ. ಆಗುಂಬೆಯ ಅಥವಾ ಶರಾವತಿ ಕಣಿವೆಯ ಕಾಡಿನಲ್ಲಿ ವಿಮಾನ ಇಳಿದರೆ ರಸ್ತೆಯಿಂದ ಯಾರಿಗೂ ಕಾಣುವುದಿಲ್ಲ, ಒದ್ದೆ ಎಲೆಗಳ ಚಪ್ಪರ ಸಂಕೇತವನ್ನೂ ಒಂದಷ್ಟು ಹೀರುತ್ತದೆ. ಹಾಗಾಗಿ ಇದರ ಆಂಟೆನಾ ನೆಟ್ಟಗೆ, ಮೇಲಕ್ಕೆ ಮುಖಮಾಡಿ, ವಿಮಾನದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಭಾಗದ ಹತ್ತಿರ, ಅಂದರೆ ಚಾಲಕನ ಹಿಂದೆ ಇರಲಿ. ಬಟ್ಟೆಯ ಅಥವಾ ಫೈಬರ್‌ಗ್ಲಾಸಿನ ವಿಮಾನದಲ್ಲಿ ಒಳಗೇ ಇಟ್ಟರೆ ಮಗುಚಿದರೂ ಮುರಿಯುವ ಭಯ ಕಡಿಮೆ. ಪೆಟ್ಟಿಗೆಯೂ ಆಂಟೆನಾವೂ ಅಕ್ಕಪಕ್ಕದಲ್ಲೇ ಇದ್ದು, ಕೇಬಲ್ ಗಿಡ್ಡವಾಗಿ, ಸ್ವಲ್ಪ ಸಡಿಲವಾಗಿರಲಿ. ಪೆಟ್ಟಿಗೆ ಬಾಲದಲ್ಲಿ, ಆಂಟೆನಾ ಚಾವಣಿಯಲ್ಲಿ ಇಟ್ಟರೆ, ಒಡಲು ಮುರಿಯುವ ಜಾಗದಲ್ಲೇ ಕೇಬಲ್ ಕಿತ್ತುಹೋಗುತ್ತದೆ.

ಕೇಬಲಿಗೆ ಜಿಪುಣತನ ಬೇಡ

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಆರ್‌ಜಿ-58. ಮಾತಿನ ತರಂಗಾಂತರದಲ್ಲಿ ಮೂರು ಮೀಟರಿಗೆ ಹತ್ತರಲ್ಲಿ ಒಂದು ಪಾಲು ಶಕ್ತಿ ತಿನ್ನುತ್ತದೆ, ಅದು ಸಹಿಸುವಂಥದ್ದೇ. ಟ್ರಾನ್ಸ್‌ಪಾಂಡರಿನ 1090ರಲ್ಲಿ ಅದೇ ಮೂರು ಮೀಟರ್ ಮೂರನೇ ಒಂದು ಪಾಲನ್ನು ನುಂಗುತ್ತದೆ. ಆರ್‌ಜಿ-400 ಕೇಬಲಿನಲ್ಲಿ ಬೆಳ್ಳಿ ಲೇಪದ ಎರಡು ಪದರದ ಜಾಲ, ಶಾಖ ತಡೆಯುವ ಟೆಫ್ಲಾನ್ ಇರುತ್ತದೆ. ಬೆಲೆ ಹಲವು ಪಟ್ಟು ಹೆಚ್ಚು, ಆದರೆ ಸಣ್ಣ ವಿಮಾನಕ್ಕೆ ಬೇಕಾಗುವುದು ಹತ್ತಾರು ಮೀಟರ್ ಅಷ್ಟೇ. ಎರಡು ಪದರದ ಜಾಲ ಎಂಜಿನ್ನಿನ ಕಿಡಿಯ ಸದ್ದನ್ನೂ ಹೊರಗೇ ತಡೆಯುತ್ತದೆ. ನನ್ನ ಮಟ್ಟಿಗೆ ಇದು ಖರ್ಚು ಮಾಡಬೇಕಾದ ಜಾಗ.

ಒಮ್ಮೆ ಒಂದು ವಿಮಾನದ ರೇಡಿಯೋ ಮಳೆಗಾಲ ಮುಗಿದ ಮೇಲೆ ಕಿವುಡಾಗಿತ್ತು. ಆಂಟೆನಾ ಬುಡದ ಕನೆಕ್ಟರ್ ಬಿಚ್ಚಿದೆ. ಒಳಗಿನ ಸೂಜಿಯ ಸುತ್ತ ಹಸಿರು ಕಿಲುಬು, ಅಟ್ಟದ ಮೇಲೆ ಮರೆತ ತಾಮ್ರದ ತಂಬಿಗೆಯ ಹಾಗೆ. ಜಾಲವನ್ನು ಹಿಂದಕ್ಕೆ ಸುಲಿದಷ್ಟೂ ಕಪ್ಪು, ಒಂದು ಮೊಳದವರೆಗೆ. ತಂಬಿಗೆಯನ್ನಾದರೆ ಹುಣಸೆಹಣ್ಣಿನಿಂದ ತಿಕ್ಕಬಹುದು, ಕೇಬಲನ್ನು ಎಸೆಯುವುದೊಂದೇ ದಾರಿ. ಕೇಬಲ್ ಮೇಲಿನಿಂದ ನೇರ ಕನೆಕ್ಟರಿಗೆ ಇಳಿದಿತ್ತು, ಮೈಮೇಲಿನ ನೀರೆಲ್ಲ ಅದರೊಳಗೇ ಹೋಗಿತ್ತು. ಕನೆಕ್ಟರಿಗೆ ಮೊದಲು ಕೇಬಲನ್ನು ಒಂದು ಸುತ್ತು ಕೆಳಕ್ಕೆ ಇಳಿಸಿ ಮತ್ತೆ ಮೇಲೇರಿಸಿದ್ದರೆ ಆ ಬಾಗಿನಿಂದಲೇ ನೀರು ತೊಟ್ಟಿಕ್ಕಿ ಹೋಗುತ್ತಿತ್ತು. ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ, ಬಿಚ್ಚಿ ನೋಡಿ.

ಯಾರು ಯಾವುದನ್ನು ಹಿಡಿಯಬೇಕು

ಫೈಬರ್‌ಗ್ಲಾಸ್ ಅಥವಾ ಮರದ ವಿಮಾನ, ಬಾಲ ಇನ್ನೂ ಮುಚ್ಚಿಲ್ಲ, ಒಳಗೆ ಜಾಗವಿದೆ ಎಂದಾದರೆ ತಾಮ್ರಪಟ್ಟಿ, ಎರಡನೆಯ ಯೋಚನೆ ಬೇಡ. ಬಾಲ ಮುಚ್ಚಿಯಾಗಿದ್ದರೆ ಬೆನ್ನಿನ ಮೇಲೆ ಕಡ್ಡಿ, ಒಳಗಡೆ ಅದರ ಬುಡದಿಂದ ನಾಲ್ಕು ದಿಕ್ಕಿಗೆ ಸುಮಾರು 58 ಸೆಂಟಿಮೀಟರಿನ ತಾಮ್ರಪಟ್ಟಿಗಳು. ಅಲ್ಯೂಮಿನಿಯಂ ವಿಮಾನಕ್ಕೆ ಹೊದಿಕೆಯ ದಪ್ಪ ಕಡ್ಡಿ, ರನ್‌ವೇಯವರಿಗೆ ಹೊಟ್ಟೆಯಡಿ, ಹುಲ್ಲುಗಾವಲಿನವರಿಗೆ ಮೇಲೆ. ಕಾರ್ಬನ್ ಮೈಯವರಿಗೂ ಹೊರಗಿನ ಕಡ್ಡಿಯೇ. ಕಾರ್ಬನ್ ವಿದ್ಯುತ್ ಹರಿಸಿದರೂ ಒಳ್ಳೆಯ ಗ್ರೌಂಡ್ ಪ್ಲೇನ್ ಆಗುವಷ್ಟು ಹರಿಸುವುದಿಲ್ಲ, ಹಾಗಾಗಿ ಬುಡಕ್ಕೆ ತಾಮ್ರದ ಜಾಲವನ್ನು ಪ್ರತ್ಯೇಕವಾಗಿ ಕೊಡಬೇಕು. ಉಕ್ಕಿನ ಹಂದರಕ್ಕೆ ಬಟ್ಟೆ ಹೊದಿಸುವವರು ಚಾವಣಿಯ ಮೇಲೆ ಕಡ್ಡಿ ನಿಲ್ಲಿಸಿ, ಬಟ್ಟೆಯ ಕೆಳಗೆ ಅಲ್ಯೂಮಿನಿಯಂ ತಗಡನ್ನು ಕೊಳವೆಗಳಿಗೆ ಬಿಗಿದು, ಅಲ್ಲಿಂದ ಪಟ್ಟಿಗಳನ್ನು ಹಾಯಿಸಬೇಕು.

ಒಂದು ಕೆಲಸ ಎಲ್ಲರಿಗೂ ಸಮಾನ, ಮುಚ್ಚುವ ಮೊದಲು ಅಳೆಯುವುದು. ಎಸ್‌ಡಬ್ಲ್ಯುಆರ್ ಅಳೆಯಲು ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಈಗ ಕೆಲವೇ ಸಾವಿರಕ್ಕೆ ಸಿಗುತ್ತದೆ. ಎಸ್‌ಡಬ್ಲ್ಯುಆರ್ 2 ಇದ್ದರೆ ಕಳಿಸಿದ ಶಕ್ತಿಯಲ್ಲಿ ನೂರಕ್ಕೆ 11 ಭಾಗ ಹಿಂದಿರುಗುತ್ತದೆ, 3 ಇದ್ದರೆ 25. ಇಡೀ 118ರಿಂದ 137ರವರೆಗೆ 2ರ ಒಳಗಿದ್ದರೆ ಉತ್ತಮ, ತುದಿಗಳಲ್ಲಿ ಎರಡೂವರೆ ಬಂದರೆ ಚಿಂತೆಯಿಲ್ಲ, 3 ದಾಟಿದರೆ ಪಟ್ಟಿ ಕತ್ತರಿಸಿ ಸರಿಪಡಿಸಬೇಕು. ಕಡ್ಡಿಯನ್ನು ಮೊದಲು ಉದ್ದ ಇಟ್ಟುಕೊಂಡು ಅರ್ಧರ್ಧ ಸೆಂಟಿಮೀಟರ್ ತೆಗೆಯುತ್ತ ಬನ್ನಿ. ಅಳೆಯುವಾಗ ವಿಮಾನ ಬಯಲಲ್ಲಿರಲಿ. ತಗಡಿನ ಮಾಡಿನ ಕೆಳಗೆ ಅಳೆದರೆ ನೀವು ಅಳೆಯುವುದು ಆ ಮಾಡನ್ನು.

ಹಾರಲು ಅನುಮತಿ ಸಿಕ್ಕ ಮೇಲೆ ಇನ್ನೊಂದು ಪರೀಕ್ಷೆ ಬಾಕಿ. ಕಂಟ್ರೋಲ್‌ನವರಿಗೆ ಮೊದಲೇ ತಿಳಿಸಿ, ಅವರು ಒಪ್ಪಿದ ತರಂಗಾಂತರದಲ್ಲಿ, ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದಲ್ಲಿ ನಿಧಾನವಾಗಿ ಒಂದು ಸುತ್ತು ಬನ್ನಿ. ನಾಲ್ಕು ದಿಕ್ಕಿನಲ್ಲೂ ಒಂದರಿಂದ ಐದು ಎಣಿಸಿ, ಯಾವ ದಿಕ್ಕಿನಲ್ಲಿ ಮಾತು ಮಂಕಾಯಿತೆಂದು ಬರೆದುಕೊಳ್ಳಿ. ಆ ದಿಕ್ಕಿನಲ್ಲಿ ವಿಮಾನದ ಯಾವ ಭಾಗ ಅಡ್ಡ ಬರುತ್ತದೆಂಬುದು ಆಮೇಲೆ ನೆಲದ ಮೇಲೆ ನೋಡಿದರೆ ತಿಳಿಯುತ್ತದೆ.

ಸಾಗರದ ಗೆಳೆಯರು ಹೊಟ್ಟೆಯಡಿಯ ಯೋಚನೆ ಬಿಟ್ಟು ಚಾವಣಿಗೆ ಒಪ್ಪಿದರು. ತಗಡು ಕೂತಿದೆ, ನಾಲ್ಕು ಪಟ್ಟಿಗಳಲ್ಲಿ ಮೂರು ಹಾಯಿಸಿಯಾಗಿದೆ. ನಾಲ್ಕನೆಯದಕ್ಕೆ ಹಿಂದಿನ ಕೊಳವೆಯೊಂದು ಅಡ್ಡ ಬರುತ್ತಿದೆ, ಅದನ್ನು ಕೊಳವೆಯ ಮೇಲೇ ಮಡಚಿ ಕೂರಿಸಿ ಅಳೆದು ನೋಡೋಣ ಎಂದಿದ್ದೇನೆ. ಮಳೆ ಬಿಟ್ಟ ಮೊದಲ ಭಾನುವಾರ ಹಂದರವನ್ನು ಅಂಗಳಕ್ಕೆ ತಳ್ಳುತ್ತೇವೆ, ಬಟ್ಟೆ ಹೊದಿಸುವುದು ಅಳೆದಾದ ಮೇಲೆಯೇ.